ಆರನೇ ಸೆಮಿಸ್ಟರ್ ಅಂದ್ರ ಆರನೇತ್ತ ಅಲ್ಲವ್ವಾ!

ಗೋಕಾಕ: ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲಿಯ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲಿ. ಮೂಡಲಗಿ, ಹುಕ್ಕೇರಿ ಕಡೆಯ ಬಸ್ಸುಗಳ ಬಾಗಿಲಿಗೆ ಜೋತುಬಿದ್ದ ಹುಡುಗರು, ಒಳಗೆ ಉಸಿರಾಡಲು ಜಾಗವಿಲ್ಲದೆ ನಿಂತ ಹುಡುಗಿಯರು. ಕರದಂಟಿನ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿರುತ್ತವೆ. ದಿನಾ ಓಡಾಡುವ ಓದುಗರಿಗೆ ಇದು ಹೊಸದಲ್ಲ. ಸೀಟು ಸಿಕ್ಕ ನಿಮ್ಮ ತೊಡೆಯ ಮೇಲೆ ಬ್ಯಾಗು ಇಟ್ಟು ನಿಂತೇ ಬರುವ ಮಕ್ಕಳೇ ಇವರು.

ಅವರಲ್ಲಿ ಒಬ್ಬಳನ್ನು ಮೊನ್ನೆ ಮಾತಾಡಿಸಿದೆ. ಮೂಡಲಗಿ ತಾಲೂಕಿನ ಹಳ್ಳಿಯವಳು. ಸರಕಾರಿ ಕಾಲೇಜಿನಲ್ಲಿ ಬಿ.ಕಾಂ. "ನನ್ನ ಹೆಸರು, ಊರು ಬರೀಬ್ಯಾಡ್ರಿ ಸರ" ಅಂದಳು, ಬರೆಯುವುದಿಲ್ಲ. ಅಪ್ಪನದು ಎರಡು ಎಕರೆ ಕಬ್ಬು. ಸಹಿ ಬಾರದು, ಹೆಬ್ಬೆಟ್ಟು. ಅವ್ವ ಶಾಲೆಯ ಕಟ್ಟೆ ಹತ್ತಿದವಳೇ ಅಲ್ಲ. ಆ ಮನೆತನದಲ್ಲಿ ಹತ್ತನೇತ್ತ ದಾಟಿದವಳು ಇವಳೇ ಮೊದಲು.

"ಈಗ ಆರನೇ ಸೆಮಿಸ್ಟರ್ ಅಂತ ಹೇಳಿದ್ನಿರಿ. ಇಷ್ಟ್ ವರ್ಷಾತು, ಇನ್ನೂ ಆರನೇತ್ತ ಏನವ್ವಾ ಅಂತ ಅವ್ವ ಗಾಬರಿ ಆದ್ಳು" ಎಂದು ನಕ್ಕಳು.

ಅವ್ವನದೇನು ತಪ್ಪು? 2021ರಲ್ಲಿ ಡಿಗ್ರಿಗೆ ನಾಲ್ಕನೇ ವರ್ಷ ಸೇರಿಸಿದರು, 2024ರಲ್ಲಿ ಮತ್ತೆ ಮೂರೇ ಸಾಕು ಅಂದರು. ಓದಿದವರಿಗೇ ತಲೆ ತಿರುಗುತ್ತದೆ. ಇವಳು ಕಾಲೇಜು ಸೇರಿದ್ದು 2023ರಲ್ಲಿ. ಸೇರಿದ ವರ್ಷದ ಕೊನೆಗೇ ರಾಜ್ಯದ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಅಂತ ಪಾಠ ಬಿಟ್ಟು ಬೀದಿಗಿಳಿದರು. ಅವರ ಕಷ್ಟ ಅವರಿಗೆ. ಆದರೆ ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗು ಖಾಲಿ ಕ್ಲಾಸಿನಲ್ಲಿ ಕೂತು ಏನು ಮಾಡಬೇಕು?

ನಿಜವಾದ ಪರೀಕ್ಷೆ ಇರುವುದು ಕಾಲೇಜಿನಲ್ಲೂ ಅಲ್ಲ, ಝೆರಾಕ್ಸ್ ಅಂಗಡಿಯಲ್ಲಿ! ಸ್ಕಾಲರ್‌ಶಿಪ್ ಅರ್ಜಿ ಈಗ ಕಂಪ್ಯೂಟರಿನದು. ಮಾರ್ಕ್ಸ್ ಕಾರ್ಡಿನಲ್ಲಿ ಇವಳ ಅಡ್ಡಹೆಸರು ಇಲ್ಲ, ಆಧಾರದಲ್ಲಿ ಇದೆ. ಕಂಪ್ಯೂಟರ್ ಒಪ್ಪಲಿಲ್ಲ. ಆದಾಯ ಪ್ರಮಾಣಪತ್ರ 2020ರಲ್ಲಿ ತೆಗೆಸಿದ್ದು. ಅದರ ಆಯುಷ್ಯ ಐದೇ ವರ್ಷ, ಅದೂ ಮುಗಿದಿತ್ತು. ನಾಡಕಚೇರಿಗೆ ಹೋಗಿ ಹೊಸ ಆರ್‌ಡಿ ನಂಬರ್ ತರಬೇಕು. ಬ್ಯಾಂಕ್ ಖಾತೆಗೆ ಆಧಾರ ಜೋಡಣೆ ಆಗಿಲ್ಲ ಅಂತ ಇನ್ನೊಂದು ತಕರಾರು. ಇಷ್ಟನ್ನೂ ಬಿಡಿಸಿ ಹೇಳಿದವರು ಯಾರು? ಅಂಗಡಿಯ ಹುಡುಗ. "ಅವ್ರಿಗೆ ಗೊತ್ತಿದ್ದಷ್ಟು ಯಾರೂ ಹೇಳಿರಲಿಲ್ಲರಿ" ಅಂದಳು. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಬೀಳುವುದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಮುದ್ರೆ. ದಾರಿ ತೋರಿಸಿದ್ದು ಎರಡು ರೂಪಾಯಿಗೊಂದು ಪ್ರತಿ ತೆಗೆಯುವವನು.

2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ಕುಳಿತಾಗ ಇವಳ ಅಪ್ಪ ಆ ಗುಂಪಿನಲ್ಲಿ, ಇವಳು ಬಸ್ಸಿಲ್ಲದೆ ಮನೆಯಲ್ಲಿ. ಸರಕಾರ 3,300 ಘೋಷಿಸಿದ ಮೇಲೆ ದಾರಿ ತೆರೆಯಿತು. ಕಬ್ಬು ಒಪ್ಪಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕೇಂದ್ರದ ಆದೇಶವೇ ಇದೆ. ಆದರೆ ಪರೀಕ್ಷೆ ಫೀಗೆ ಕೊನೆಯ ದಿನ ಬಂತು, ಬಿಲ್ಲು ಬರಲಿಲ್ಲ. ಕೊನೆಗೆ ಊರಿನ ಕಿರಾಣಿ ಅಂಗಡಿಯವರು ಕೈಗಡ ಕೊಟ್ಟರು. ಅಪ್ಪ ಉದ್ರಿ ವಹಿಯಲ್ಲಿ ಹೆಬ್ಬೆಟ್ಟು ಒತ್ತಿದ. ಮಗಳು ಅದೇ ಪುಟದಲ್ಲಿ ಹಿಂದಿನ ಕೂಡಿಸಿದ ಲೆಕ್ಕ ತಪ್ಪಿದ್ದನ್ನು ಹುಡುಕಿ ಸರಿ ಮಾಡಿಕೊಟ್ಟಳಂತೆ!

ಹುಕ್ಕೇರಿ ಕಡೆಯ ಹುಡುಗನೊಬ್ಬನೂ ಸಿಕ್ಕ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಇವನು ಪಾಸಿಗೆ ದುಡ್ಡು ಹೊಂದಿಸಲು ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಇಂಗ್ಲಿಷ್ ಪಾಠ ತಿಳಿಯದಿದ್ದರೆ ಕೇಳುತ್ತೀಯಾ ಅಂದೆ. "ಕೇಳಿದ್ರ ನಗ್ತಾರ್ರಿ" ಅಂದ. ಈ ವರದಿಗಾರನೂ ಅದೇ ನಾಚಿಕೆಗೆ ಪಿಯುಸಿ ಅರ್ಧಕ್ಕೆ ಬಿಟ್ಟವನು. ಮುಂದೆ ಪ್ರಶ್ನೆ ಕೇಳಲಾಗಲಿಲ್ಲ.

ಹುಡುಗಿಯ ಮಾತಿಗೇ ಮರಳೋಣ. ಆಧಾರ ಕೇಂದ್ರಕ್ಕೆ ಬರುವ ಗುರುವಾರ ಮತ್ತೆ ಹೋಗಬೇಕಂತೆ, ಇದು ಮೂರನೇ ಸಲ. ಅವತ್ತಿನ ಅಕೌಂಟ್ಸ್ ಪಾಠ ತಪ್ಪುತ್ತದೆ. ನೋಟ್ಸ್ ಬರೆದು ಇಡುತ್ತೇನೆ ಅಂತ ಗೆಳತಿಯೊಬ್ಬಳು ಒಪ್ಪಿದ್ದಾಳೆ.