ನೀರಲ್ಲಿ ನಿಂತ ಚಕ್ರ ಹೊಗೆಯಾಡುವುದೇಕೆ?

ಹುತ್ತೂರು ಹೋಬಳಿಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಕೋಲಾರದ ಕಾಲೇಜಿಗೆ ಓಡಾಡುವ ಪಿಯು ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆ ಕಳಿಸಿದ್ದಾಳೆ. ಅಣ್ಣನ ಮೊಬೈಲಿನಲ್ಲಿ ಡ್ರ್ಯಾಗ್ ರೇಸಿನ ವಿಡಿಯೊ ನೋಡಿದಳಂತೆ. "ಸರ್, ಓಟ ಶುರುವಾಗೋಕೆ ಮುಂಚೆ ಕಾರನ್ನ ನೀರಲ್ಲಿ ನಿಲ್ಲಿಸಿ, ನಿಂತಲ್ಲೇ ಚಕ್ರ ತಿರುಗಿಸಿ ಹೊಗೆ ಎಬ್ಬಿಸ್ತಾರೆ. ಅಷ್ಟು ದುಡ್ಡಿನ ಟೈರು ಯಾಕೆ ಸುಡಬೇಕು? ಸುಡೋದೇ ಆದರೆ ನೀರು ಯಾಕೆ? ಇನ್ನೂ ಒಂದು. ಘರ್ಷಣೆಗೂ ತಾಗಿರೋ ಜಾಗದ ವಿಸ್ತೀರ್ಣಕ್ಕೂ ಸಂಬಂಧ ಇಲ್ಲ ಅಂತ ನಮ್ಮ ಪುಸ್ತಕದಲ್ಲಿದೆ. ಹಂಗಿದ್ರೆ ಆ ಕಾರಿನ ಹಿಂದಿನ ಚಕ್ರ ಅಷ್ಟು ಅಗಲ ಯಾಕೆ?"

ಮೂರನೆಯ ಪ್ರಶ್ನೆ ಓದಿ ನನಗಾದ ಸಂತೋಷ ಇಷ್ಟಿಷ್ಟಲ್ಲ. ಪುಸ್ತಕದ ಸಾಲನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಮರೆಯುವವರೇ ಹೆಚ್ಚು. ಈ ಹುಡುಗಿ ಆ ಸಾಲನ್ನು ಕಣ್ಣೆದುರಿನ ಟೈರಿಗೆ ಹಿಡಿದು ನೋಡಿದ್ದಾಳೆ. ಹಾಗಾಗಿ ಎಂಜಿನ್ನು, ಗೇರು, ಇಂಧನ ಎಲ್ಲವನ್ನೂ ಬದಿಗಿಟ್ಟು, ಟೈರು ನೆಲಕ್ಕೆ ತಾಗುವ ಅಂಗೈಯಗಲದ ಜಾಗವೊಂದನ್ನೇ ನೋಡೋಣ.

ಡ್ರ್ಯಾಗ್ ರೇಸ್ ಅಂದರೆ ನಿಂತ ಜಾಗದಿಂದ ನೇರ ಓಟ, ತಿರುವಿಲ್ಲ. ಮೂಲ ಲೆಕ್ಕ ಕಾಲು ಮೈಲಿ, ಅಂದರೆ 402 ಮೀಟರ್. ಕಣ್ಣಾರೆ ನೋಡಬೇಕೆಂದರೆ ನಮ್ಮ ಜಿಲ್ಲೆಯವರು ರಸ್ತೆ ಬದಲಿಸುವ ಅಗತ್ಯವೂ ಇಲ್ಲ. ಕೋಲಾರ, ಮುಳಬಾಗಿಲು ದಾಟಿ ಹೋಗುವ ಹಳೆಯ ಮದ್ರಾಸ್ ರಸ್ತೆಯನ್ನೇ ಹಿಡಿದು ಚಿತ್ತೂರು, ರಾಣಿಪೇಟೆ, ಶ್ರೀಪೆರಂಬದೂರು ಕಳೆದರೆ ಇರುಂಗಾಟ್ಟುಕೋಟ್ಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ, 1990ರಲ್ಲಿ ಶುರುವಾದ ಟ್ರ್ಯಾಕ್ ಇರುವುದು ಅಲ್ಲಿ. ಮೋಟಾರ್‌ಸೈಕಲ್ಲುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ಅಲ್ಲೇ ನಡೆಯುತ್ತದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಸೂಪರ್‌ಬೈಕ್ ಏರಿ ಮತ್ತೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದದ್ದು ಆ ಡಾಂಬರಿನ ಮೇಲೆ.

ಅಲ್ಲಿ ಒಮ್ಮೆ ತಂತಿಬೇಲಿಗೆ ಮುಖ ಒತ್ತಿ ನಿಂತು ನೋಡಿದ್ದೇನೆ. ಹುಡುಗನೊಬ್ಬ ಬಾಟಲಿಯಿಂದ ಹಿಂದಿನ ಚಕ್ರದಡಿ ನೀರು ಚೆಲ್ಲಿದ. ಸವಾರ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಮೈಭಾರವನ್ನೆಲ್ಲ ಹ್ಯಾಂಡಲ್ ಕಡೆ ಹಾಕಿ, ಕ್ಲಚ್ ಬಿಟ್ಟ. ಬೈಕು ಕದಲಲಿಲ್ಲ, ಚಕ್ರ ಮಾತ್ರ ಗಿರ್ರನೆ ತಿರುಗಿತು. ಮೊದಲು ನೀರಿನ ತುಂತುರು, ಆಮೇಲೆ ತೆಳುವಾದ ಹಬೆ, ಆಮೇಲೆ ದಟ್ಟ ಬಿಳಿ ಹೊಗೆ. ಮೂಗಿಗೆ ಹೊಡೆದದ್ದು ಪಂಚರ್ ಅಂಗಡಿಯಲ್ಲಿ ಟ್ಯೂಬಿಗೆ ಪ್ಯಾಚು ಬೇಯಿಸುವಾಗ ಬರುವಂಥದೇ ವಾಸನೆ. ಬ್ರೇಕು ಸಡಿಲಿಸಿದ್ದೇ ತಡ, ಬೈಕು ಆ ಹೊಗೆಯೊಳಗಿಂದಲೇ ನಾಲ್ಕು ಮಾರು ಮುಂದೆ ಬಂದು ನಿಂತಿತು. ಅವನು ಬಿಟ್ಟುಬಂದ ಜಾಗದಲ್ಲಿ ಕರಿ ಪಟ್ಟಿಯೊಂದು ಹೊಳೆಯುತ್ತಿತ್ತು.

ಆ ಬಿಳಿ ಬಣ್ಣವನ್ನು ಗಮನಿಸಿ. ಪ್ರತಿಭಟನೆಯ ದಿನ ನಡುರಸ್ತೆಯಲ್ಲಿ ಹಳೇ ಟೈರಿಗೆ ಬೆಂಕಿ ಹಚ್ಚುತ್ತಾರಲ್ಲ, ಅದರ ಹೊಗೆ ಕಾಡಿಗೆಯಂತೆ ಕಪ್ಪು. ರಬ್ಬರ್ ಅರೆಬರೆ ಉರಿದಾಗ ಏಳುವ ಮಸಿ ಅದು. ನಿಂತಲ್ಲೇ ಚಕ್ರ ತಿರುಗಿಸುವ ಈ ಕಸರತ್ತಿಗೆ ಬರ್ನ್‌ಔಟ್ ಎಂಬ ಹೆಸರಿದ್ದರೂ ಇಲ್ಲಿ ಬೆಂಕಿಯೇ ಇಲ್ಲ. ಉಜ್ಜಿದ ಬಿಸಿಗೆ ರಬ್ಬರಿನ ಮೇಲ್ಪದರದಲ್ಲಿರುವ ಎಣ್ಣೆಯಂಥ ಅಂಶಗಳು ಆವಿಯಾಗಿ, ತಂಪು ಗಾಳಿಗೆ ತಾಗುತ್ತಲೇ ಸಣ್ಣಸಣ್ಣ ಹನಿಗಳಾಗುತ್ತವೆ. ಕಣ್ಣಿಗೆ ಹೊಗೆಯಾಗಿ ಕಾಣುವ ಬಹುಪಾಲು ಆ ಹನಿಗಳ ಮೋಡ. ಟೈರು ಸುಟ್ಟುಹೋಗುತ್ತಿಲ್ಲ, ಹದವಾಗುತ್ತಿದೆ.

ಏನು ಹದ? ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ರಾಗಿಮುದ್ದೆಗಿಂತ ಒಳ್ಳೆಯ ಪಾಠವಿಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ ಬಿಸಿ ಮುದ್ದೆ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಬೆರಳಿನ ಗೆರೆಗಳೊಳಕ್ಕೂ ಇಳಿಯುತ್ತದೆ. ಆರಿದ ಮುದ್ದೆಗೆ ಪೊರೆ ಕಟ್ಟುತ್ತದೆ, ಅಂಟುವುದಿಲ್ಲ. ಒಣ ಹಿಟ್ಟು ಉದುರಿಸಿದರೂ ಅಂಟುವುದಿಲ್ಲ. ಇನ್ನು ಮುದ್ದೆ ಕಟ್ಟುವಾಗ ಅಮ್ಮ ಮಾಡುವುದೇನು? ಕೈಗೆ ನೀರು ಸವರಿಕೊಳ್ಳುತ್ತಾಳೆ. ನೀರಿನ ಪೊರೆ ನಡುವೆ ಇದ್ದಷ್ಟು ಹೊತ್ತೂ ಮುದ್ದೆ ಕೈಗೆ ಹತ್ತುವುದಿಲ್ಲ.

ಬರ್ನ್‌ಔಟಿನ ಗುಟ್ಟೆಲ್ಲ ಈ ನಾಲ್ಕು ಸಂಗತಿಗಳಲ್ಲಿದೆ. ಡ್ರ್ಯಾಗ್ ಟೈರು ಮೃದು ರಬ್ಬರಿನದು. ಗಾಡಿ ಸಜ್ಜುಮಾಡುವ ಪಿಟ್‌ನಿಂದ ಉರುಳಿ ಬರುವಷ್ಟರಲ್ಲಿ ಧೂಳು, ಮರಳು ಮೆತ್ತಿಕೊಂಡಿರುತ್ತದೆ. ಅದು ಹಿಟ್ಟು ಉದುರಿಸಿದ ಹಾಗೆ. ಒಣ ನೆಲದ ಮೇಲೇ ಚಕ್ರ ತಿರುಗಿಸಲು ಹೋದರೆ ಕ್ಲಚ್ಚು, ಆಕ್ಸೆಲ್ಲುಗಳ ಮೇಲೆ ವಿಪರೀತ ಹೊರೆ. ಅದಕ್ಕೇ ನೀರು. ನೀರಿನ ಪೊರೆಯ ಮೇಲೆ ಚಕ್ರ ಸಲೀಸಾಗಿ ಬಿಡಿಸಿಕೊಂಡು ವೇಗ ಹಿಡಿಯುತ್ತದೆ. ಕ್ಷಣದಲ್ಲಿ ನೀರು ಸಿಡಿದು ಹೋಗುತ್ತದೆ, ಉಳಿದದ್ದು ಆವಿಯಾಗುತ್ತದೆ. ಈಗ ವೇಗದಲ್ಲಿರುವ ಚಕ್ರಕ್ಕೆ ಒಣ ಡಾಂಬರು ಸಿಗುತ್ತದೆ. ಕೊಳೆಯ ಪದರ ಕಿತ್ತುಹೋಗಿ, ಕೆಳಗಿನ ಹೊಸ ರಬ್ಬರು ಬಿಸಿಯಾಗಿ ಅಂಟಾಗುತ್ತದೆ. ಅದರ ಒಂದು ಪದರ ನೆಲಕ್ಕೂ ಮೆತ್ತಿಕೊಳ್ಳುತ್ತದೆ. ರಬ್ಬರಿಗೆ ರಬ್ಬರು ಅಂಟುವಷ್ಟು ಚೆನ್ನಾಗಿ ಡಾಂಬರಿಗೆ ಅಂಟದು. ಅಮೆರಿಕದ ದೊಡ್ಡ ಡ್ರ್ಯಾಗ್ ಪಟ್ಟಿಗಳ ಮೇಲೆ ಅಂಟುದ್ರಾವಣವನ್ನೂ ಸಿಂಪಡಿಸಿರುತ್ತಾರೆ. ನಡೆದರೆ ಕಾಲಿನ ಬೂಟು ಕಿತ್ತುಬರುವಷ್ಟು ಜಿಗುಟು.

ಚಕ್ರ ಹೀಗೆ ಪೊರೆ ಕಳೆದು ಹಿಡಿತ ಪಡೆಯುವುದನ್ನು ನಾನು ರೇಸ್ ಟ್ರ್ಯಾಕಿಗಿಂತ ಮೊದಲು ಕಂಡದ್ದು ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ. ಸುಗ್ಗಿಯ ಕಾಲದಲ್ಲಿ ಕ್ರೇಟಿನಿಂದ ಉರುಳಿದ ಟೊಮ್ಯಾಟೊ ಚಕ್ರಗಳಡಿ ಸಿಕ್ಕಿ ನೆಲವೆಲ್ಲ ಕೆಂಪು ಲೋಳೆ. ಲೋಡಾದ ಗೂಡ್ಸ್ ಗಾಡಿಯೊಂದರ ಹಿಂದಿನ ಚಕ್ರ ಅದರಲ್ಲಿ ಸುಮ್ಮನೆ ತಿರುಗುತ್ತಿತ್ತು. ಹಮಾಲರು ಗೋಣಿಚೀಲ ತರಲು ಓಡಿದರು. ಅಷ್ಟರಲ್ಲಿ ರಸವೆಲ್ಲ ಎರಚಿ ಹೋಗಿ ಚಕ್ರದ ಸದ್ದೇ ಬದಲಾಯಿತು: ಸುಯ್ ಎನ್ನುತ್ತಿದ್ದದ್ದು ಕಿರ್ರೆಂದಿತು. ಒಂದೆಳೆ ಬಿಳಿ ಹೊಗೆ ಎದ್ದಿತು, ಗಾಡಿ ಛಂಗನೆ ಮುಂದೆ ನೆಗೆಯಿತು. ಅಚಾನಕ್ಕಾಗಿ ನಡೆದುಹೋದ ಪುಟ್ಟ ಬರ್ನ್‌ಔಟ್ ಅದು.

ರೇಸಿನಲ್ಲಿ ಇದೇ ಕೆಲಸ ಬಹಳ ನಾಜೂಕು. ಮುಂದಿನ ಚಕ್ರಗಳಲ್ಲಿ ಗೆರೆಯಿದ್ದರೆ ಅವನ್ನು ನೀರಿಗಿಳಿಸದೆ ಬಳಸಿ ಬರುತ್ತಾರೆ. ಟೈರಿನ ಗೆರೆಯೊಳಗೆ ಕೂತ ನೀರು ಆಮೇಲೆ ಓಟ ಶುರುವಾಗುವ ಗೆರೆಗೆ ಬಂದು ನಿಂತಾಗ ತೊಟ್ಟಿಕ್ಕಿ, ಹಿಂದೆ ಬರುವ ಟೈರಿಗೆ ಶತ್ರುವಾಗುತ್ತದೆ. ಹಿಂದಿನ ಚಕ್ರವನ್ನು ಒದ್ದೆ ಮಾಡಿ ನೀರಿನ ಅಂಚಿಗೆ ತಂದು, ಮುಂದಿನ ಬ್ರೇಕನ್ನಷ್ಟೇ ಬಿಗಿಹಿಡಿದು, ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ತಿರುಗಿಸುತ್ತಾರೆ. ಹೊಗೆ ಹದವಾಗಿ ಎದ್ದೊಡನೆ ಬ್ರೇಕು ಬಿಟ್ಟು, ಚಕ್ರ ತಿರುಗುತ್ತಿರುವಾಗಲೇ ಹೊರಗೆ ಬರಬೇಕು. ರಬ್ಬರು ಬಿಸಿಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕಾದದ್ದು ತೊಗಲಷ್ಟೇ, ಅದು ಬೇಗ ಆರುತ್ತದೆ. ಗೆರೆಯ ಮೇಲೆ ನಿಂತು ತಡ ಮಾಡಿದರೆ ಮುದ್ದೆಗೆ ಮತ್ತೆ ಪೊರೆ.

ಈಗ ಪುಸ್ತಕದ ಆ ಸಾಲಿಗೆ ಬರೋಣ. ಘರ್ಷಣೆಗೆ ವಿಸ್ತೀರ್ಣದ ಹಂಗಿಲ್ಲ ಎಂದು 1699ರಲ್ಲಿ ಫ್ರಾನ್ಸಿನ ಅಮೋಂಟೋನ್ ಬರೆದದ್ದು ಮರ, ಕಬ್ಬಿಣದಂಥ ಗಟ್ಟಿ ವಸ್ತುಗಳನ್ನು ಜಾರಿಸಿ ನೋಡಿ. ಅವಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಮೇಲ್ಮೈಯೂ ನಮ್ಮ ಅಂತರಗಂಗೆ ಬೆಟ್ಟದ ಹಾಗೆ, ಬರೀ ಬಂಡೆ, ಕೊರಕಲು. ಗಟ್ಟಿ ವಸ್ತುವಿನ ಮೇಲೆ ಗಟ್ಟಿ ವಸ್ತು ಇಟ್ಟರೆ ತುದಿಗೆ ತುದಿ ತಾಗುತ್ತದೆ, ಅಷ್ಟೆ. ಹಲಗೆ ಅಗಲವಿರಲಿ ಕಿರಿದಿರಲಿ, ನಿಜಕ್ಕೂ ತಾಗುವ ಜಾಗವನ್ನು ತೀರ್ಮಾನಿಸುವುದು ಮೇಲಿನ ಭಾರ. ಬಿಸಿ ರಬ್ಬರು ಬಂಡೆಗಳ ಸಂದಿಗೂ ಇಳಿದು ತಬ್ಬಿಕೊಳ್ಳುತ್ತದೆ. ಅಗಲ ಹೆಚ್ಚಿದಷ್ಟೂ ತಬ್ಬುಗೆ ಹೆಚ್ಚು, ಅಣುವಿಗೆ ಅಣು ಅಂಟುವ ಎಡೆಗಳೂ ಹೆಚ್ಚು. ಅದಕ್ಕೇ ಟಾಪ್ ಫ್ಯೂಯೆಲ್ ಎಂಬ ದೈತ್ಯ ವರ್ಗದ ಕಾರಿನ ಹಿಂದಿನ ಟೈರು ಮೂರಡಿ ಎತ್ತರ, ಸುಮಾರು ಒಂದೂವರೆ ಅಡಿ ಅಗಲ. ಮನೆಯ ಕಾರಿಗೆ ಮೂವತ್ತು ಪೌಂಡು ಗಾಳಿ ಹಾಕಿಸುತ್ತೇವೆ, ಅದಕ್ಕೆ ಏಳು ಪೌಂಡಿನ ಆಸುಪಾಸು. ಹೊರಡುವ ಕ್ಷಣ ಅದರ ಪಕ್ಕದ ಗೋಡೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಸುಕ್ಕಾಗಿ, ನೆಲಕ್ಕೆ ತಾಗುವ ಜಾಗ ಇನ್ನೂ ಹಿಗ್ಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಮೇಷ್ಟ್ರುಗಳ ಬಾಯಲ್ಲೂ ಕೇಳಿದ್ದೇನೆ: ಘರ್ಷಣೆಯ ಗುಣಾಂಕ, ಅಂದರೆ ಘರ್ಷಣೆಯ ಬಲವನ್ನು ಒತ್ತುವ ಭಾರದಿಂದ ಭಾಗಿಸಿದರೆ ಬರುವ ಸಂಖ್ಯೆ, ಒಂದನ್ನು ಮೀರುವುದಿಲ್ಲವಂತೆ. ಒಂದು ಚಿಕ್ಕ ಲೆಕ್ಕ ಮಾಡಿ. ಗುಣಾಂಕ ಒಂದಾದರೆ, ಗಾಳಿಯ ಬಲದಿಂದ ನೆಲಕ್ಕೆ ಒತ್ತುವ ರೆಕ್ಕೆಯಿಲ್ಲದ ಕಾರು ಚಕ್ರದ ಬಲದಿಂದ ಪಡೆಯಬಹುದಾದ ಗರಿಷ್ಠ ವೇಗೋತ್ಕರ್ಷ ಗುರುತ್ವದಷ್ಟು, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. ಹಾಗಾದರೆ 402 ಮೀಟರ್ ಕ್ರಮಿಸಲು ಒಂಬತ್ತು ಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ. ಆದರೆ ಪ್ರೊ ಸ್ಟಾಕ್ ವರ್ಗದ ಕಾರುಗಳು ಅದೇ ದೂರವನ್ನು ಆರೂವರೆ ಸೆಕೆಂಡಿನಲ್ಲಿ ಮುಗಿಸುತ್ತವೆ. ಟಾಪ್ ಫ್ಯೂಯೆಲ್ 305 ಮೀಟರನ್ನು ನಾಲ್ಕು ಸೆಕೆಂಡಿನೊಳಗೆ ಓಡುತ್ತದೆ. ಅದಕ್ಕೆ ರೆಕ್ಕೆಯ ಒತ್ತಡದ ನೆರವೂ ಇದೆ. ಬಿಸಿ ರಬ್ಬರಿನ ಗುಣಾಂಕ ಒಂದನ್ನು ದಾಟದೆ ಇದು ಆಗುವ ಮಾತಲ್ಲ.

ಇಷ್ಟು ಓದಿ ಯಾರೂ ಬೈಕ್ ತೆಗೆದುಕೊಂಡು ಹೊರಡಬೇಡಿ. ಕೋಲಾರದ ಸುತ್ತಲಿನ ಖಾಲಿ ಲೇಔಟ್ ರಸ್ತೆಗಳಲ್ಲಿ ಕಪ್ಪು ಸುತ್ತುಗಳನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ರಸ್ತೆಯ ಟೈರು ಸಾವಿರಾರು ಕಿಲೋಮೀಟರ್ ಬಾಳಲೆಂದು ಮಾಡಿದ ಗಡಸು ರಬ್ಬರು. ಅದನ್ನು ಹೀಗೆ ಕಾಯಿಸಿದರೆ ಎಣ್ಣೆಯಂಶ ಮೇಲೆ ಬಂದು ಜಿಡ್ಡಾಗುತ್ತದೆ, ಇದ್ದ ಹಿಡಿತವೂ ಹೋಗುತ್ತದೆ. ಅಂಥ ಟೈರಿನ ಮೇಲೆ ತಿರುವಿಗೆ ಬಂದವನ ಗತಿ ಏನು?

ಹಿಡಿತದ ವಿಷಯಕ್ಕೆ ನಮ್ಮ ಮೌಢ್ಯವನ್ನೂ ಸೇರಿಸಿ ಹೇಳಲೇಬೇಕು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ. ಗಾಡಿಗೆ ಅಪಘಾತವಾಗದಿರಲಿ ಎಂಬ ಹಾರೈಕೆ ನನಗೆ ಅರ್ಥವಾಗುತ್ತದೆ. ಆದರೆ ದೃಷ್ಟಿ ತೆಗೆಯಲು ನಡುರಸ್ತೆಯಲ್ಲಿ ಒಡೆಯುವ ಬೂದುಗುಂಬಳಕಾಯಿ? ಅದರ ತಿರುಳು, ಬೀಜ, ಕುಂಕುಮದ ನೀರು ಎಲ್ಲ ಸೇರಿ ಟೈರಿಗೂ ಡಾಂಬರಿಗೂ ನಡುವೆ ಲೋಳೆಯ ಪೊರೆ ಹಾಸುತ್ತವೆ. ರೇಸಿನ ಕಾರು ಅಂಥ ಪೊರೆಯನ್ನು ಉಜ್ಜಿ ಕಳೆಯಲು ಬ್ರೇಕು ಹಿಡಿದು ನಿಲ್ಲುತ್ತದೆ. ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ಸ್ಕೂಟರಿಗೆ ಆ ಅವಕಾಶವಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಹಾಗೆ ಜಾರಿ ಬಿದ್ದು ಮೊಣಕೈ ಮುರಿದುಕೊಂಡ. ಅಪಘಾತ ತಡೆಯಲೆಂದು ಒಡೆದ ಕಾಯಿಯಿಂದಲೇ ಅಪಘಾತ. ಒಡೆಯಲೇಬೇಕೆಂದರೆ ನಿಮ್ಮ ಅಂಗಳದ ಮೂಲೆಯಲ್ಲಿ ಒಡೆಯಿರಿ, ಒಡೆದದ್ದನ್ನು ಗುಡಿಸಿ.

ಪ್ರಶ್ನೆ ಕೇಳಿದ ಹುಡುಗಿಗೆ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿ ಹಳೇ ಸ್ಲೇಟು ಇದ್ದರೆ ತೆಗೆದುಕೋ. ಹರಿದ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಚಪ್ಪಟೆ ಕಲ್ಲಿನ ತಳಕ್ಕೆ ಬಿಗಿದು ಕಟ್ಟು. ಸ್ಲೇಟಿನ ಮೇಲಿಟ್ಟು ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗು. ಕಲ್ಲು ಜಾರಿದಾಗ ಕೋನಮಾಪಕ ಹಿಡಿದು ನೋಡು; ಆ ಕೋನದ ಟ್ಯಾನ್ ಬೆಲೆಯೇ ಗುಣಾಂಕ, 45 ಡಿಗ್ರಿ ಅಂದರೆ ಸರಿಯಾಗಿ ಒಂದು. ಮೊದಲು ಪಟ್ಟಿಗೆ ರಾಗಿಹಿಟ್ಟು ಸವರಿ ನೋಡು. ಆಮೇಲೆ ಒದ್ದೆ ಬಟ್ಟೆಯಲ್ಲಿ ಸ್ಲೇಟು, ಪಟ್ಟಿ ಎರಡನ್ನೂ ಒರೆಸಿ, ಒಣಗಿಸಿ, ಪಟ್ಟಿಯನ್ನು ಬಿಸಿಲಿಗಿಟ್ಟು ಮತ್ತೆ ನೋಡು. ಹಿಟ್ಟು ಸವರಿದ ನನ್ನ ಕಲ್ಲು ಮೂವತ್ತು ಡಿಗ್ರಿಗೂ ಮುಂಚೆ ಜಾರಿತು. ಬಿಸಿಲಿಗಿಟ್ಟದ್ದು 45 ದಾಟಿದ ಮೇಲೂ ಸ್ಲೇಟನ್ನು ಕಚ್ಚಿಕೊಂಡೇ ಇತ್ತು. ನಿನ್ನ ಅಂಕಿಗಳನ್ನು ಬರೆದು ಕಳಿಸು.