ಬೈದುಕೊಂಡೇ ಟಿಕೆಟ್ ಮಾಡಿಸುವ ಕಂಪನಿಯ ಷೇರು

ಹುಬ್ಬಳ್ಳಿಗೆಂದು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ಗೆ ಮೊಬೈಲಿನಲ್ಲೇ ಎಸಿ ಟಿಕೆಟ್ ಮಾಡಿಸಿದ್ದರೆ, ಅದನ್ನು ತೆರೆದು ದರದ ವಿವರ ನೋಡಿ. ಪ್ರಯಾಣ ದರದ ಕೆಳಗೆ ‘ಕನ್ವೀನಿಯನ್ಸ್ ಫೀ’, ಅಂದರೆ ಅನುಕೂಲ ಶುಲ್ಕ, ರೂ. 35.40 ಎಂದಿರುತ್ತದೆ. 30 ರೂಪಾಯಿ ಶುಲ್ಕ, ಮಿಕ್ಕಿದ್ದು ಶೇ 18ರ ಜಿಎಸ್‌ಟಿ. ಯುಪಿಐನಲ್ಲಿ ಕಟ್ಟಿದರೆ ರೂ. 23.60. ಟಿಕೆಟ್ ರದ್ದು ಮಾಡಿದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಬೆಳಗ್ಗೆ 10ಕ್ಕೆ ತತ್ಕಾಲ್‌ಗೆ ಕೂತವರು ಪರದೆ ಮೇಲೆ ತಿರುಗುವ ಚಕ್ರ ನೋಡುತ್ತ ಬೈದುಕೊಳ್ಳುತ್ತಾರೆ. ಮುಂದಿನ ಸಲವೂ ಅಲ್ಲಿಗೇ ಹೋಗುತ್ತಾರೆ.

ಈ ಟಿಕೆಟ್ ಮಾರುವುದು ರೈಲ್ವೆಯ ಐಆರ್‌ಸಿಟಿಸಿ. ಅದರ ಷೇರನ್ನು ನೀವೂ ಕೊಳ್ಳಬಹುದು.

ಬೇರೆ ಆ್ಯಪ್‌ಗಳಿವೆಯಲ್ಲ ಎನ್ನುತ್ತೀರಾ? ಅವು ಕೂಡ ನಿಮ್ಮ ಐಆರ್‌ಸಿಟಿಸಿ ಐಡಿಯನ್ನೇ ಕೇಳುತ್ತವೆ. ಬೆಂಗಳೂರಿನ ಸಿಟಿ ಸ್ಟೇಷನ್ ಕೌಂಟರಿನಲ್ಲಿ ಈ ಶುಲ್ಕವಿಲ್ಲ, ನಿಜ. ಚಾಮರಾಜಪೇಟೆಯವರು ನಡೆದೇ ಹೋಗಿಬಂದಾರು. ಮಲ್ಲೇಶ್ವರದವರಿಗೆ ಆಟೊ ಮೀಟರಿನ ಕನಿಷ್ಠ ದರವೇ 36 ರೂಪಾಯಿ! ಕಂಪನಿಗೆ ಕೇಟರಿಂಗ್, ಪ್ರವಾಸ, ‘ರೈಲ್ ನೀರ್’ ಬಾಟಲಿ ವ್ಯಾಪಾರವೂ ಇದೆ. ಆದರೆ ಲಾಭದ ಪಾಲು ಹೆಚ್ಚಿರುವುದು ಟಿಕೆಟ್‌ನಲ್ಲೇ. ಅಲ್ಲಿ ಅಕ್ಕಿ ಬೇಳೆಯ ಖರ್ಚಿಲ್ಲ.

ಹಾಗಾದರೆ ಜನ ಬೈದರೆ ಷೇರಿಗೆ ಪೆಟ್ಟಿಲ್ಲವೇ? ನನ್ನ ಮಟ್ಟಿಗೆ, ಹೆದರಬೇಕಾದದ್ದು ಗ್ರಾಹಕರ ಸಿಟ್ಟಿಗಲ್ಲ, ಮಾಲೀಕರ ಮನಸ್ಸಿಗೆ. ಶೇ 62.4ರಷ್ಟು ಪಾಲು ಕೇಂದ್ರ ಸರ್ಕಾರದ್ದು. ನೋಟು ರದ್ದತಿಯ ಹೊತ್ತಿಗೆ, 2016ರ ನವೆಂಬರಿನಲ್ಲಿ, ಈ ಶುಲ್ಕವನ್ನೇ ಕೈಬಿಡಲಾಯಿತು. ಮತ್ತೆ ಬಂದದ್ದು 2019ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳ ಕೊನೆಗೆ ಐಪಿಒ, ಎಂದರೆ ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ! 320 ರೂಪಾಯಿಗೆ ಕೊಟ್ಟ ಷೇರು ಅಕ್ಟೋಬರ್ 14ರಂದು ಪೇಟೆಯಲ್ಲಿ ಅದರ ದುಪ್ಪಟ್ಟು ಬೆಲೆಯಲ್ಲಿ ಶುರುವಾಯಿತು. 2021ರ ಅಕ್ಟೋಬರ್ 28ರ ಸಂಜೆ ಇನ್ನೊಂದು ಸುದ್ದಿ: ಅನುಕೂಲ ಶುಲ್ಕದಲ್ಲಿ ಅರ್ಧ ತನಗೆ ಬರಬೇಕೆಂದು ರೈಲ್ವೆ ಸಚಿವಾಲಯ ಹೇಳಿದೆ ಎಂದು. ಮಾರನೆಯ ದಿನ ಷೇರು ಒಂದು ಹಂತದಲ್ಲಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಅಂದೇ ಸಚಿವಾಲಯ ತೀರ್ಮಾನ ಹಿಂತೆಗೆದುಕೊಂಡಿತು, ಬೆಲೆ ಬಹುಪಾಲು ಚೇತರಿಸಿಕೊಂಡಿತು. ಹೆದರಿ ಬೆಳಗ್ಗೆಯೇ ಮಾರಿದವರ ಗತಿ ಕೇಳಬೇಡಿ.

ಕೊಳ್ಳಬೇಕೆಂದರೆ ಡಿಮ್ಯಾಟ್ ಖಾತೆ, ಅಂದರೆ ಷೇರು ಇಡುವ ಖಾತೆ, ಮತ್ತು ವಹಿವಾಟಿನ ಟ್ರೇಡಿಂಗ್ ಖಾತೆ ಬೇಕು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರ ಇಟ್ಟುಕೊಳ್ಳಿ. ಬ್ರೋಕರ್ ಆ್ಯಪ್‌ನಲ್ಲಿ ತೆರೆಯಬಹುದು. ಆ್ಯಪ್ ಸಹವಾಸ ಬೇಡವೆಂದರೆ ಗಾಂಧಿ ಬಜಾರಿನಲ್ಲಿ ನಿಮ್ಮ ಬ್ಯಾಂಕ್ ಶಾಖೆ ಇದ್ದರೆ ಅಲ್ಲೇ ವಿಚಾರಿಸಿ. ಒಂದೇ ಡಿಮ್ಯಾಟ್ ಇದ್ದು, ಅದರಲ್ಲಿರುವುದರ ಮೌಲ್ಯ 4 ಲಕ್ಷ ರೂಪಾಯಿಯೊಳಗಿದ್ದರೆ ‘ಬೇಸಿಕ್ ಸರ್ವಿಸಸ್’ ಖಾತೆ ಕೇಳಿ. ಅದಕ್ಕೆ ವಾರ್ಷಿಕ ಶುಲ್ಕವಿಲ್ಲ. ಒಂದೇ ಒಂದು ಷೇರನ್ನೂ ಕೊಳ್ಳಬಹುದು.

10,000 ರೂಪಾಯಿಯ ಷೇರು ಕೊಂಡರೆ ವಹಿವಾಟು ತೆರಿಗೆ 10 ರೂಪಾಯಿ, ಸ್ಟಾಂಪ್ ಶುಲ್ಕ ಒಂದೂವರೆ ರೂಪಾಯಿ. ಬ್ರೋಕರೇಜ್ ಬೇರೆ. ಮಾರುವಾಗಲೂ ವಹಿವಾಟು ತೆರಿಗೆ ಉಂಟು. ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ 20 ತೆರಿಗೆ. ವರ್ಷ ದಾಟಿದರೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5.

ಕೊಳ್ಳುವ ಮುನ್ನ ಎನ್‌ಎಸ್‌ಇ ಅಥವಾ ಬಿಎಸ್‌ಇ ಷೇರುಪೇಟೆಯ ತಾಣದಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಕಂಪನಿಯ ಫಲಿತಾಂಶ ತೆರೆಯಿರಿ. ವಿಭಾಗವಾರು ಲೆಕ್ಕದಲ್ಲಿ ‘ಇಂಟರ್ನೆಟ್ ಟಿಕೆಟಿಂಗ್’ ಸಾಲು ಹುಡುಕಿ, ಒಟ್ಟು ಲಾಭದಲ್ಲಿ ಅದರ ಪಾಲೆಷ್ಟು ನೋಡಿ. ಸರ್ಕಾರ ಶುಲ್ಕಕ್ಕೆ ಕೈ ಹಾಕಿದರೆ ಅಲುಗಾಡುವುದು ಅಷ್ಟೇ ಲಾಭ.