ಉದ್ಯಮ ಸುಧಾರಣೆಗೆ ಅರ್ಧ ಸಂದೇಶ ಸಾಲದು

ಉದ್ಯಮ ನೀತಿಯ ಸುಧಾರಣೆ ವಿಧಾನಸಭೆಯ ಅಂಗೀಕಾರದೊಡನೆ ಮುಗಿಯುವುದಿಲ್ಲ. ಅದರ ಫಲಾನುಭವಿಗಳು ಅದನ್ನು ಅರಿತು, ನಂಬಿ, ಬಳಸಿದಾಗಲಷ್ಟೇ ಅದು ಸಾರ್ಥಕ. ಕೇರಳದ ಅನುಭವವೇ ಇದಕ್ಕೆ ನಿದರ್ಶನ.

ಕೆಲಸ ಮಾಡದೆ ಕೂಲಿ ಕೇಳುವ ‘ನೋಕ್ಕುಕೂಲಿ’ ಪದ್ಧತಿ ರಾಜ್ಯದ ಹೆಸರಿಗೆ ಬಹುಕಾಲ ಕಳಂಕವಾಗಿತ್ತು. ಕಾರ್ಮಿಕ ಸಂಘಟನೆಗಳೊಡನೆ ಮಾತುಕತೆ ನಡೆಸಿದ ಬಳಿಕ ಸರ್ಕಾರ 2018ರ ಮೇ 1ರಂದು ಅದನ್ನು ನಿಷೇಧಿಸಿತು. ಆಯ್ದುಕೊಂಡದ್ದು ಕಾರ್ಮಿಕ ದಿನವನ್ನೇ. ನಿಷೇಧವು ದುಡಿಮೆಯ ಗೌರವಕ್ಕಾಗಿಯೇ ಹೊರತು ದುಡಿಯುವವರ ವಿರುದ್ಧವಲ್ಲ ಎಂಬ ಸಂದೇಶ ಆ ದಿನಾಂಕದಲ್ಲೇ ಅಡಗಿತ್ತು.

ಮುಂದಿನ ಹೆಜ್ಜೆ 2019ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ. ಇದರನ್ವಯ ಉದ್ಯಮಿಯು ಸ್ವಯಂ ಘೋಷಣೆ ಸಲ್ಲಿಸಿ, ಸ್ವೀಕೃತಿ ಪತ್ರ ಪಡೆದು, ಪಂಚಾಯತು ಮೊದಲಾದ ಕಚೇರಿಗಳ ಅನುಮತಿಗೆ ಕಾಯದೆ ಉದ್ಯಮ ಆರಂಭಿಸಬಹುದು. 2022–23ನ್ನು ಉದ್ಯಮ ವರ್ಷವೆಂದು ಸಾರಿದ ಸರ್ಕಾರ, ಸ್ಥಳೀಯ ಸಂಸ್ಥೆಗಳಲ್ಲಿ ತರಬೇತಿ ಪಡೆದ ಯುವಜನರನ್ನು ನೇಮಿಸಿ ಜನರಿಗೆ ನೇರವಾಗಿ ಮಾಹಿತಿ ಕೊಡಿಸಿತು. ಗುರಿಯಿದ್ದದ್ದು ಒಂದು ಲಕ್ಷ ಉದ್ಯಮ, 1.39 ಲಕ್ಷ ಆರಂಭವಾದವೆಂದು ಸರ್ಕಾರ ಪ್ರಕಟಿಸಿತು. ಹಳೆಯ ಅಂಗಡಿಗಳನ್ನೂ ಲೆಕ್ಕಕ್ಕೆ ಸೇರಿಸಲಾಗಿದೆ ಎಂದು ವಿರೋಧ ಪಕ್ಷ ಆಕ್ಷೇಪಿಸಿತು. ಅಂಕಿಯ ಮೇಲಿನ ನಂಬಿಕೆ ಅಲುಗಿದರೆ ಸುಧಾರಣೆಯ ಮೇಲಿನ ನಂಬಿಕೆಯೂ ಅಲುಗುತ್ತದೆ.

ಪ್ರಚಾರದ ನಿಜವಾದ ಪರೀಕ್ಷೆ ಇರುವುದು ವಿವರಗಳಲ್ಲಿ. ‘ಪರವಾನಗಿ ಬೇಡ’ ಎಂಬ ಮಾತು ಕಿವಿಗೆ ಇಂಪು. ಆದರೆ ಅದು ಅರ್ಧ ಸತ್ಯ. ಸ್ವೀಕೃತಿ ಪತ್ರದ ಅವಧಿ ಮೂರು ವರ್ಷ ಮಾತ್ರ. ಆನಂತರದ ಆರು ತಿಂಗಳೊಳಗೆ ಎಲ್ಲ ಅನುಮತಿಗಳನ್ನೂ ಪಡೆಯಲೇಬೇಕು. ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳ ಸಂರಕ್ಷಣೆಗಾಗಿ ಇರುವ 2008ರ ಕಾಯಿದೆಯಿಂದ ವಿನಾಯಿತಿಯೂ ಇಲ್ಲ. ಸಾಲ ಮಾಡಿ ಹಪ್ಪಳದ ಘಟಕವನ್ನೋ ಹಿಟ್ಟಿನ ಗಿರಣಿಯನ್ನೋ ತೆರೆದವರು ಘೋಷಣೆಯನ್ನಷ್ಟೇ ಕೇಳಿ ಷರತ್ತನ್ನು ತಿಳಿಯದಿದ್ದರೆ, ನಾಲ್ಕನೆಯ ವರ್ಷ ನೋಟೀಸು ಬಾಗಿಲಿಗೆ ಬಂದೀತು.

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಈ ಪ್ರಶ್ನೆ ಭಾಷೆಯ ಪ್ರಶ್ನೆಯೂ ಹೌದು. ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಶಾಸನ ಅವಕಾಶ ನೀಡಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೂ ಕೊಟ್ಟಿದೆ.

ಆದುದರಿಂದ ಉದ್ಯಮಿಗಳು ಸಂದೇಹಗಳನ್ನು ಕನ್ನಡದಲ್ಲಿ ಬರೆದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದು, ಸ್ವೀಕೃತಿ ಪತ್ರದ ಕೊನೆಯ ದಿನಾಂಕವನ್ನು ಗುರುತಿಟ್ಟುಕೊಳ್ಳುವುದು ಲೇಸು. ಘೋಷಣೆಯಷ್ಟೇ ಸ್ಪಷ್ಟವಾಗಿ ಷರತ್ತನ್ನೂ ಜನರ ನುಡಿಯಲ್ಲಿ ತಿಳಿಸುವುದು ಸರ್ಕಾರದ ಹೊಣೆ.